ಮದುವೆಯ ದೇವತೆಯೂ ಅಥೆನ್ಸಿನ ಹೆಂಡತಿಯೂ

ಜಗತ್ತಿನ ಬಹುತೇಕ ನಾಗರಿಕತೆಗಳು ವಿವಾಹವನ್ನು ಪವಿತ್ರವೆಂದೇ ಬಗೆದಿವೆ. ಧರ್ಮ, ಸಂಪ್ರದಾಯ, ಕಾನೂನು ಎಲ್ಲವೂ ಸೇರಿ ಅದಕ್ಕೆ ಕಾವಲು ನಿಂತಿವೆ. ಪ್ರಾಚೀನ ಗ್ರೀಕರಂತೂ ದೇವಲೋಕದ ರಾಣಿಯನ್ನೇ ಮದುವೆಯ ಅಧಿದೇವತೆಯನ್ನಾಗಿ ಮಾಡಿಕೊಂಡಿದ್ದರು. ಅವಳ ಹೆಸರು ಹೇರಾ. ದೇವತೆಗಳ ದೊರೆ ಜ್ಯೂಸ್‌ನ ಪಟ್ಟದ ರಾಣಿ. ಗ್ರೀಸಿನ ಅತ್ಯಂತ ಹಳೆಯ ಮತ್ತು ದೊಡ್ಡ ದೇಗುಲಗಳಲ್ಲಿ ಕೆಲವು ಅವಳಿಗಾಗಿಯೇ ಎದ್ದವು. ಅವಳ ವಿವಾಹದ ನೆನಪನ್ನು ಅಥೆನ್ಸಿನ ಜನ ಪ್ರತಿ ವರ್ಷ ಹಬ್ಬವಾಗಿ ಆಚರಿಸುತ್ತಿದ್ದರು.

ಮದುವೆಗೆ ಇಷ್ಟೊಂದು ಗೌರವ ಕೊಟ್ಟ ಸಮಾಜವು ಮದುವೆಯಾದ ಹೆಣ್ಣಿಗೆ ಏನು ಕೊಟ್ಟಿತು? ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ನಾವು ಹೇರಾಳ ಕಥೆಯನ್ನೂ ಅವಳನ್ನು ಪೂಜಿಸಿದ ಜನರ ಕಥೆಯನ್ನೂ ಜೊತೆಯಾಗಿ ಓದಬೇಕಾಗಿದೆ. ಗ್ರೀಸ್ ಎಂದೊಡನೆ ನಮಗೆ ಸಾಕ್ರೆಟಿಸ್, ಪ್ಲೇಟೋ, ಅರಿಸ್ಟಾಟಲ್ ನೆನಪಾಗುತ್ತಾರೆ. ಪ್ರಜಾಪ್ರಭುತ್ವದ ತೊಟ್ಟಿಲು ಎಂಬ ಹೊಗಳಿಕೆ ನೆನಪಾಗುತ್ತದೆ. ಆ ತೊಟ್ಟಿಲನ್ನು ತೂಗುತ್ತಿದ್ದ ಕೈಗಳ ಬಗ್ಗೆ ನಮ್ಮ ಪಠ್ಯಪುಸ್ತಕಗಳು ಹೇಳುವುದು ಬಹಳ ಕಡಿಮೆ.

ಯಾರು ಈ ಹೇರಾ?

ಹೇರಾಳ ಹೆಸರು ಬಹಳ ಪ್ರಾಚೀನವಾದುದು. ದಕ್ಷಿಣ ಗ್ರೀಸಿನ ಪೈಲೋಸ್ ಎಂಬಲ್ಲಿದ್ದ ಅರಮನೆಯೊಂದು ಕ್ರಿ.ಪೂ. 1200ರ ಆಸುಪಾಸಿನಲ್ಲಿ ಸುಟ್ಟುಹೋಯಿತು. ಅರಮನೆಯ ಲೆಕ್ಕಪತ್ರಗಳನ್ನು ಬರೆದಿದ್ದ ಹಸಿ ಮಣ್ಣಿನ ಫಲಕಗಳು ಆ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿ ಉಳಿದುಕೊಂಡವು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಆ ಲಿಪಿಯ ಗುಟ್ಟನ್ನು ಬಿಡಿಸಿದಾಗ ಒಂದು ಫಲಕದಲ್ಲಿ ಜ್ಯೂಸ್‌ನ ಹೆಸರಿನ ಜೊತೆಯಲ್ಲೇ ಹೇರಾಳ ಹೆಸರೂ ಕಾಣಿಸಿತು. ಇಬ್ಬರಿಗೂ ಚಿನ್ನದ ಪಾತ್ರೆ ಅರ್ಪಿಸಿದ ಲೆಕ್ಕ ಅದರಲ್ಲಿದೆ. ಅಂದರೆ ಹೋಮರ್ ಕವಿಗಿಂತ ನಾಲ್ಕೈದು ನೂರು ವರ್ಷಗಳ ಮೊದಲೇ ಈ ದಂಪತಿಗೆ ಪೂಜೆ ಸಲ್ಲುತ್ತಿತ್ತು.

ಪುರಾಣದ ಪ್ರಕಾರ ಹೇರಾ ಕ್ರೋನಸ್ ಮತ್ತು ರಿಯಾ ದಂಪತಿಯ ಮಗಳು. ತನ್ನ ಮಕ್ಕಳೇ ತನ್ನನ್ನು ಪಟ್ಟದಿಂದ ಇಳಿಸುತ್ತಾರೆಂಬ ಭಯದಿಂದ ಕ್ರೋನಸ್ ಹುಟ್ಟಿದ ಮಕ್ಕಳನ್ನೆಲ್ಲ ನುಂಗಿದ. ಕೊನೆಯ ಮಗ ಜ್ಯೂಸ್ ತಾಯಿಯ ಉಪಾಯದಿಂದ ಉಳಿದುಕೊಂಡು ಒಡಹುಟ್ಟಿದವರನ್ನು ಬಿಡಿಸಿದ. ಮುಂದೆ ಅಕ್ಕ ಹೇರಾಳನ್ನೇ ಮದುವೆಯಾದ. ಇದೆಲ್ಲ ಪುರಾಣದ ದೇವತೆಗಳಿಗೆ ಮಾತ್ರ ಸಲ್ಲುವ ಮಾತು. ಒಂದೇ ತಾಯಿಯ ಮಕ್ಕಳ ಮದುವೆಯನ್ನು ಅಥೆನ್ಸಿನ ಕಾನೂನು ಒಪ್ಪುತ್ತಿರಲಿಲ್ಲ.

ಹೇರಾ ಸುಲಭವಾಗಿ ಒಲಿಯಲಿಲ್ಲವಂತೆ. ಆಗ ಜ್ಯೂಸ್ ಕೋಗಿಲೆಯ ರೂಪ ತಾಳಿ ಅವಳ ಮಡಿಲು ಸೇರಿದನೆಂದು ಆರ್ಗೋಸ್ ಸೀಮೆಯ ಜನ ಹೇಳುತ್ತಿದ್ದರು. ಆ ಸೀಮೆಯಲ್ಲಿದ್ದ ಅವಳ ದೊಡ್ಡ ದೇಗುಲಕ್ಕಾಗಿ ಪಾಲಿಕ್ಲೀಟಸ್ ಎಂಬ ಪ್ರಖ್ಯಾತ ಶಿಲ್ಪಿ ಚಿನ್ನ ಮತ್ತು ದಂತದಿಂದ ಅವಳ ಮೂರ್ತಿಯನ್ನು ಮಾಡಿದ. ಒಂದು ಕೈಯಲ್ಲಿ ದಾಳಿಂಬೆ, ಮತ್ತೊಂದು ಕೈಯಲ್ಲಿ ರಾಜದಂಡ, ಆ ದಂಡದ ತುದಿಯಲ್ಲಿ ಒಂದು ಕೋಗಿಲೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗ್ರೀಸನ್ನೆಲ್ಲ ಸುತ್ತಿದ ಪೌಸೇನಿಯಸ್ ಎಂಬ ಪ್ರವಾಸಿ ಈ ಮೂರ್ತಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಏಜಿಯನ್ ಸಮುದ್ರದ ಸೇಮೋಸ್ ದ್ವೀಪದಲ್ಲಿದ್ದ ಅವಳ ಇನ್ನೊಂದು ದೇಗುಲದ ಉದ್ದ ನೂರು ಮೀಟರಿಗೂ ಹೆಚ್ಚು. ತಾನು ಕಂಡ ದೇಗುಲಗಳಲ್ಲೆಲ್ಲ ಅದೇ ದೊಡ್ಡದೆಂದು ಇತಿಹಾಸಕಾರ ಹೆರೊಡೋಟಸ್ ಹೇಳಿದ್ದಾನೆ.

ಮದುವೆಯ ತಿಂಗಳು

ಅಥೆನ್ಸಿನ ಪಂಚಾಂಗದಲ್ಲಿ ಗಾಮೆಲಿಯೋನ್ ಎಂಬ ತಿಂಗಳೊಂದಿತ್ತು. ಅದರ ಅರ್ಥವೇ ಮದುವೆಯ ತಿಂಗಳು. ಈಗಿನ ಲೆಕ್ಕದಲ್ಲಿ ಅದು ಜನವರಿ-ಫೆಬ್ರವರಿ ಸುಮಾರಿಗೆ ಬರುತ್ತಿತ್ತು. ಆ ತಿಂಗಳ ಕೊನೆಯ ಭಾಗದಲ್ಲಿ ಜ್ಯೂಸ್ ಮತ್ತು ಹೇರಾರ ಮದುವೆಯ ಹಬ್ಬ. ಚಳಿಗಾಲವೇ ಮದುವೆಗೆ ತಕ್ಕ ಕಾಲವೆಂದು ಅರಿಸ್ಟಾಟಲ್ ಕೂಡ ಬರೆದಿದ್ದಾನೆ.

ಮದುವೆಗೆ ಮುಂಚೆ ಹುಡುಗಿ ತನ್ನ ಬೊಂಬೆಗಳನ್ನೂ ಆಟಿಕೆಗಳನ್ನೂ ಆರ್ಟೆಮಿಸ್ ಎಂಬ ದೇವತೆಗೆ ಒಪ್ಪಿಸಿ ಬಾಲ್ಯಕ್ಕೆ ವಿದಾಯ ಹೇಳುತ್ತಿದ್ದಳು. ಆಮೇಲೆ ಮಂಗಳ ಸ್ನಾನ. ಅದಕ್ಕೆ ನೀರು ತರಲು ಉದ್ದ ಕುತ್ತಿಗೆಯ ವಿಶೇಷ ಕೊಡಗಳಿದ್ದವು. ಮದುವೆಯಾಗದೆ ಸತ್ತವರ ಗೋರಿಯ ಮೇಲೆ ಅಂಥದೇ ಕೊಡವನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸುವುದಿತ್ತು. ಸಂಜೆ ತವರಿನಲ್ಲಿ ಔತಣ ಮುಗಿದ ಮೇಲೆ ವಧುವನ್ನು ಬಂಡಿಯಲ್ಲಿ ಕೂರಿಸಿ ದೀವಟಿಗೆಯ ಬೆಳಕಿನಲ್ಲಿ ವರನ ಮನೆಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಒಲೆಯ ಬಳಿ ವಧೂವರರ ತಲೆಯ ಮೇಲೆ ಒಣ ಅಂಜೂರ, ಬೀಜಗಳನ್ನು ಸುರಿಯುತ್ತಿದ್ದರು. ಅಥೆನ್ಸಿಗೆ ಹೊಂದಿಕೊಂಡಿದ್ದ ಬಿಯೋಷಿಯಾ ಸೀಮೆಯಲ್ಲಿ ವಧುವನ್ನು ತಂದ ಬಂಡಿಯ ಅಚ್ಚನ್ನು ಬಾಗಿಲಲ್ಲೇ ಸುಡುತ್ತಿದ್ದರು. ತಿರುಗಿ ಹೋಗಲು ಬಂಡಿ ಇಲ್ಲ, ಇನ್ನು ಇದೇ ನಿನ್ನ ಮನೆ ಎಂಬುದು ಅದರ ತಾತ್ಪರ್ಯ.

ಇವೆಲ್ಲದರ ನಡುವೆ ನಮ್ಮ ಮನಸ್ಸನ್ನು ತಟ್ಟುವ ಪದ್ಧತಿ ಮತ್ತೊಂದಿದೆ. ಮದುವೆಯ ದೇವತೆಯಾದ ಹೇರಾಳಿಗೆ ಬಲಿ ಕೊಡುವಾಗ ಆ ಪ್ರಾಣಿಯ ಪಿತ್ತಕೋಶವನ್ನು ತೆಗೆದು ಬಲಿಪೀಠದ ಆಚೆ ಎಸೆಯುತ್ತಿದ್ದರು. ದಾಂಪತ್ಯದಲ್ಲಿ ಕಹಿ ಇರಬಾರದು, ಕೋಪ ಇರಬಾರದು ಎಂಬುದು ಇದರ ಸಂಕೇತವೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ವಿವರಿಸಿದ್ದಾನೆ. ಎಷ್ಟು ಸುಂದರವಾದ ಹಾರೈಕೆ! ಆದರೆ ಪುರಾಣವನ್ನು ಬಿಡಿಸಿ ನೋಡಿದರೆ ಆ ದೇವತೆಯ ಸ್ವಂತ ಸಂಸಾರದಲ್ಲಿ ಕಹಿಯೇ ತುಂಬಿದೆ.

ದೇವಲೋಕದ ಸಂಸಾರ

ಜ್ಯೂಸ್ ಹೆಂಡತಿಗೆ ನಿಷ್ಠನಾಗಿರಲಿಲ್ಲ. ದೇವತೆಗಳು, ಅಪ್ಸರೆಯರು, ಮನುಷ್ಯ ಸ್ತ್ರೀಯರು ಹೀಗೆ ಅವನ ಪ್ರಣಯಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಅವನ ಈ ನಡತೆಗೆ ಬೆಲೆ ತೆತ್ತವರು ಆ ಸ್ತ್ರೀಯರು ಮತ್ತು ಅವರ ಮಕ್ಕಳು. ಐಯೋ ಎಂಬುವಳು ಆರ್ಗೋಸಿನಲ್ಲಿ ಸ್ವತಃ ಹೇರಾಳ ಪೂಜಾರಿಣಿ. ಜ್ಯೂಸ್ ಅವಳಿಗೆ ಮನಸೋತ. ಆ ತಪ್ಪಿಗೆ ಹಸುವಾದವಳು ಐಯೋ. ನೂರು ಕಣ್ಣುಗಳ ಆರ್ಗಸ್‌ನ ಕಾವಲಿನಲ್ಲಿದ್ದು, ಹೇರಾ ಬಿಟ್ಟ ನೊಣದ ಕಡಿತ ತಾಳಲಾರದೆ ದೇಶ ದೇಶ ಅಲೆದವಳೂ ಅವಳೇ. ಇಸ್ತಾಂಬುಲ್ ನಗರದ ನಡುವೆ ಹರಿಯುವ ಬಾಸ್ಫರಸ್ ಜಲಸಂಧಿಯ ಹೆಸರಿನ ಅರ್ಥ ‘ಹಸು ದಾಟಿದ ಜಾಗ’. ಐಯೋ ದಾಟಿದ್ದರಿಂದ ಆ ಹೆಸರು ಬಂತೆಂದು ಗ್ರೀಕರು ನಂಬಿದ್ದರು. ಸೆಮೆಲೆ ಸುಟ್ಟು ಬೂದಿಯಾದಳು. ಕ್ಯಾಲಿಸ್ಟೋ ಕರಡಿಯಾದಳು. ಶಿಶು ಹೆರಾಕ್ಲಿಸ್‌ನ ತೊಟ್ಟಿಲಿಗೆ ಹಾವುಗಳು ಬಂದವು. ಜ್ಯೂಸ್‌ನ ಸಿಂಹಾಸನ ಮಾತ್ರ ಅಲುಗಲಿಲ್ಲ.

ಗಂಡನನ್ನು ಪ್ರಶ್ನಿಸಿದಾಗ ಏನಾಗುತ್ತಿತ್ತು ಎಂಬುದನ್ನೂ ಹೋಮರ್‌ನ ಇಲಿಯಡ್ ಕಾವ್ಯ ಮುಚ್ಚಿಡುವುದಿಲ್ಲ. ಒಮ್ಮೆ ಜ್ಯೂಸ್ ಹೇರಾಳ ಕೈಗಳಿಗೆ ಚಿನ್ನದ ಸರಪಳಿ ಬಿಗಿದು, ಕಾಲುಗಳಿಗೆ ಕಮ್ಮಾರನ ಅಡಿಗಲ್ಲುಗಳನ್ನು ಕಟ್ಟಿ ಆಕಾಶದಿಂದ ತೂಗುಹಾಕಿದ್ದನಂತೆ. ಅದನ್ನೇ ಮುಂದೆ ಅವಳಿಗೆ ನೆನಪಿಸಿ ಬೆದರಿಸುತ್ತಾನೆ. ತಾಯಿಯ ಪರ ವಹಿಸಿದ ಮಗ ಹೆಫೆಸ್ಟಸ್‌ನನ್ನು ಕಾಲು ಹಿಡಿದು ಕೆಳಗೆಸೆದ ಕಥೆಯೂ ಅದೇ ಕಾವ್ಯದಲ್ಲಿದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ನಮ್ಮಲ್ಲಿ ಗಾದೆಯುಂಟು. ಇಲಿಯಡ್‌ನ ಮೊದಲ ಸರ್ಗದ ಜಗಳವೂ ದೇವತೆಗಳೆಲ್ಲ ಉಂಡು ಮಲಗುವಲ್ಲಿಗೇ ಮುಗಿಯುತ್ತದೆ. ಆದರೆ ಅದು ಮುಗಿಯುವುದು ಹೇರಾ ಬಾಯಿ ಮುಚ್ಚಿಕೊಂಡದ್ದರಿಂದ ಎಂಬುದನ್ನು ಗಮನಿಸಬೇಕು.

ಈ ಕಥೆಗಳು ಗ್ರೀಕರಿಗೇ ಇರುಸುಮುರುಸು ಉಂಟುಮಾಡಿದ್ದವು. ಮನುಷ್ಯರಲ್ಲಿ ನಾಚಿಕೆಗೇಡೆನಿಸುವ ಕಳ್ಳತನ, ವ್ಯಭಿಚಾರ, ವಂಚನೆಗಳನ್ನು ಹೋಮರ್ ಮತ್ತು ಹೆಸಿಯಡ್ ದೇವತೆಗಳಿಗೆ ಅಂಟಿಸಿದ್ದಾರೆಂದು ಕ್ರಿ.ಪೂ. ಆರನೆಯ ಶತಮಾನದಲ್ಲಿ ಹುಟ್ಟಿದ ತತ್ವಜ್ಞಾನಿ ಕ್ಸೆನೊಫನೀಸ್ ಕಟುವಾಗಿ ಟೀಕಿಸಿದ್ದ. ಹೆಫೆಸ್ಟಸ್‌ನನ್ನು ತಂದೆ ಎಸೆದ ಕಥೆಯಂಥವನ್ನು ತನ್ನ ಆದರ್ಶ ರಾಜ್ಯದ ಮಕ್ಕಳಿಗೆ ಕೇಳಿಸಲೇಬಾರದೆಂದು ಪ್ಲೇಟೋ ಹೇಳಿದ. ಇವರ ಚಿಂತೆ ದೇವರ ಘನತೆಯ ಬಗ್ಗೆ ಮತ್ತು ಮಕ್ಕಳ ನೀತಿಯ ಬಗ್ಗೆ. ಹೆಂಡತಿಗೆ ಆದ ಅನ್ಯಾಯದ ಬಗ್ಗೆ ಅವರು ಹೆಚ್ಚು ಮಾತಾಡಲಿಲ್ಲ.

ಜನ ತಮ್ಮ ಸಮಾಜದಲ್ಲಿ ಕಂಡದ್ದನ್ನೇ ದೇವಲೋಕದಲ್ಲೂ ಚಿತ್ರಿಸುತ್ತಾರೆ. ಹೇರಾಳ ಕೋಪ ಗಂಡನನ್ನು ಬಿಟ್ಟು ಬೇರೆ ಹೆಂಗಸರ ಮೇಲೆ ಏಕೆ ಹರಿಯಿತು? ಗಂಡನ ಮೇಲೆ ಹರಿಯಲು ಅದಕ್ಕೆ ದಾರಿಯೇ ಇರಲಿಲ್ಲ. ಈ ಉತ್ತರ ಪುರಾಣಕ್ಕಿಂತ ಹೆಚ್ಚು ಸ್ಪಷ್ಟವಾಗಿ ಅಥೆನ್ಸಿನ ಕಾನೂನಿನಲ್ಲಿ ಸಿಗುತ್ತದೆ.

ಕೊಟ್ಟವನು, ಪಡೆದವನು

ಕ್ರಿ.ಪೂ. ಐದು ಮತ್ತು ನಾಲ್ಕನೆಯ ಶತಮಾನದ ಅಥೆನ್ಸಿನಲ್ಲಿ ಮದುವೆಯೆಂಬುದು ಇಬ್ಬರು ಗಂಡಸರ ನಡುವಿನ ಒಪ್ಪಂದ. ಒಬ್ಬ ಹುಡುಗಿಯ ತಂದೆ, ಅವನಿಲ್ಲದಿದ್ದರೆ ಅಣ್ಣ ಅಥವಾ ಬೇರೆ ಪಾಲಕ. ಮತ್ತೊಬ್ಬ ವರ. ನ್ಯಾಯಬದ್ಧ ಮಕ್ಕಳನ್ನು ಪಡೆಯುವ ಸಲುವಾಗಿ ಈ ಹುಡುಗಿಯನ್ನು ಕೊಡುತ್ತೇನೆ, ಜೊತೆಗೆ ಇಷ್ಟು ವರದಕ್ಷಿಣೆ ಎಂದು ಪಾಲಕ ಸಾಕ್ಷಿಗಳ ಮುಂದೆ ಹೇಳುತ್ತಿದ್ದ. ವರ ಒಪ್ಪುತ್ತಿದ್ದ. ಅಲ್ಲಿಗೆ ಒಪ್ಪಂದ ಮುಗಿಯಿತು. ಹುಡುಗಿಯ ಒಪ್ಪಿಗೆಯನ್ನು ಕಾನೂನು ಕೇಳುತ್ತಿರಲಿಲ್ಲ. ಅವಳು ಆ ಸ್ಥಳದಲ್ಲಿ ಹಾಜರಿರಬೇಕೆಂಬ ನಿಯಮವೂ ಇರಲಿಲ್ಲ.

ವಧುವಿಗೆ ಸಾಮಾನ್ಯವಾಗಿ ಹದಿನಾಲ್ಕು-ಹದಿನೈದರ ಪ್ರಾಯ, ವರನಿಗೆ ಮೂವತ್ತರ ಸುಮಾರು. ಸಾಕ್ರೆಟಿಸ್‌ನ ಶಿಷ್ಯ ಕ್ಸೆನೊಫನ್ ಮನೆವಾರ್ತೆಯ ಬಗ್ಗೆ ಬರೆದ ಪುಸ್ತಕದಲ್ಲಿ ಇಸ್ಕೊಮೆಕಸ್ ಎಂಬ ಸಿರಿವಂತ ತನ್ನ ಹೆಂಡತಿ ಮನೆಗೆ ಬಂದಾಗ ಅವಳಿಗೆ ಹದಿನೈದು ಕೂಡ ತುಂಬಿರಲಿಲ್ಲ ಎನ್ನುತ್ತಾನೆ. ಇಡೀ ಪುಸ್ತಕದಲ್ಲಿ ಆ ಹೆಂಡತಿಗೆ ಹೆಸರಿಲ್ಲ. ಎಳೆಯ ಪ್ರಾಯದ ಹೆರಿಗೆಯಲ್ಲಿ ಹೆಚ್ಚು ಹುಡುಗಿಯರು ಸಾಯುತ್ತಾರೆಂದು ಅರಿಸ್ಟಾಟಲ್ ಗುರುತಿಸಿದ್ದ. ಹೆಣ್ಣಿಗೆ ಹದಿನೆಂಟು ಆಗಲಿ ಎಂದು ಸಲಹೆ ಕೊಟ್ಟಿದ್ದ. ಗಂಡಿಗೆ ಅವನು ಹೇಳಿದ ಪ್ರಾಯ ಮೂವತ್ತೇಳು!

ವರದಕ್ಷಿಣೆಯ ಬಗ್ಗೆ ಒಂದು ಮಾತು ಹೇಳಬೇಕು. ಹೋಮರ್‌ನ ಕಾವ್ಯಗಳಲ್ಲಿ ವರನೇ ವಧುವಿನ ಕಡೆಯವರಿಗೆ ದನಕರು, ಕಾಣಿಕೆ ಕೊಡುವ ಪದ್ಧತಿ ಎದ್ದು ಕಾಣುತ್ತದೆ. ಅಥೆನ್ಸಿನ ಪ್ರಜಾಪ್ರಭುತ್ವದ ಕಾಲಕ್ಕೆ ಹಣ ಹರಿಯುವ ದಿಕ್ಕು ಬದಲಾಗಿ ವಧುವಿನ ಮನೆಯಿಂದ ವರನ ಮನೆಗೆ ಹೋಗತೊಡಗಿತ್ತು. ಆದರೂ ಆ ಹಣ ಗಂಡನ ಸ್ವಂತ ಆಸ್ತಿಯಾಗುತ್ತಿರಲಿಲ್ಲ. ಮದುವೆ ಮುರಿದರೆ ಅದನ್ನು ಹೆಣ್ಣಿನ ತವರಿಗೆ ಹಿಂತಿರುಗಿಸಬೇಕಿತ್ತು. ತಡ ಮಾಡಿದರೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ. ಸುಮ್ಮಸುಮ್ಮನೆ ಹೆಂಡತಿಯನ್ನು ಹೊರಗಟ್ಟದಂತೆ ಗಂಡನನ್ನು ತಡೆಯುತ್ತಿದ್ದ ಕಡಿವಾಣ ಇದೊಂದೇ. ಗಮನಿಸಿ, ಹಣ ಮರಳುತ್ತಿದ್ದುದು ಅವಳ ಕೈಗಲ್ಲ, ಅವಳ ಪಾಲಕನ ಕೈಗೆ.

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂಬ ನಮ್ಮ ಗಾದೆ ಅಲ್ಲಿ ಪೂರ್ತಿ ಒಪ್ಪುವುದಿಲ್ಲ. ಕೊಟ್ಟ ಮೇಲೂ ಅವಳ ಮೇಲೆ ಕುಲದ ಹಿಡಿತ ಉಳಿಯುತ್ತಿತ್ತು. ಗಂಡು ಮಕ್ಕಳಿಲ್ಲದೆ ತಂದೆ ತೀರಿಕೊಂಡರೆ ಆಸ್ತಿಯ ಜೊತೆಗೆ ಮಗಳೂ ತಂದೆಯ ಕಡೆಯ ಹತ್ತಿರದ ಬಂಧುವಿನ ಪಾಲಾಗುತ್ತಿದ್ದಳು. ಅವನು ಚಿಕ್ಕಪ್ಪನೇ ಆಗಿರಲಿ, ಅವನೇ ಅವಳನ್ನು ಮದುವೆಯಾಗಬಹುದಿತ್ತು. ಆಸ್ತಿ ಅವಳಿಂದ ಹುಟ್ಟುವ ಮಗನಿಗೆ ಸೇರಬೇಕು. ಅವಳು ಆಸ್ತಿಯನ್ನು ದಾಟಿಸುವ ಸೇತುವೆ ಮಾತ್ರ.

ಇನ್ನು ನಿಷ್ಠೆಯ ಮಾತು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಡತಿಯನ್ನು ಗಂಡ ಬಿಡಲೇಬೇಕಿತ್ತು. ಬಿಡದಿದ್ದರೆ ಅವನ ನಾಗರಿಕ ಹಕ್ಕುಗಳೇ ಹೋಗುತ್ತಿದ್ದವು. ಅಂಥ ಹೆಂಗಸು ಊರಿನ ಯಾವ ದೇಗುಲಕ್ಕೂ ಕಾಲಿಡುವಂತಿರಲಿಲ್ಲ. ಮದುವೆಯ ದೇವತೆಯ ಬಾಗಿಲೂ ಅವಳಿಗೆ ಮುಚ್ಚಿತು ಎಂದಾಯಿತು. ಗಂಡನಾದರೋ ಗುಲಾಮ ಸ್ತ್ರೀಯರ ಜೊತೆಗೆ, ಹೆಟೈರಾ ಎನ್ನಿಸಿಕೊಂಡ ಗಣಿಕೆಯರ ಜೊತೆಗೆ ಇರುವುದನ್ನು ಯಾವ ಕಾನೂನೂ ತಪ್ಪೆನ್ನುತ್ತಿರಲಿಲ್ಲ. ಸುಖಕ್ಕೆ ಗಣಿಕೆಯರು, ದಿನನಿತ್ಯದ ಆರೈಕೆಗೆ ಇಟ್ಟುಕೊಂಡವರು, ನ್ಯಾಯಬದ್ಧ ಮಕ್ಕಳಿಗೆ ಹೆಂಡತಿಯರು ಎಂಬ ಅರ್ಥದ ಮಾತನ್ನು ಕ್ರಿ.ಪೂ. 340ರ ಆಸುಪಾಸಿನಲ್ಲಿ ವಾದಿಯೊಬ್ಬ ತುಂಬಿದ ನ್ಯಾಯಸಭೆಯಲ್ಲಿ ಯಾವ ಅಳುಕೂ ಇಲ್ಲದೆ ಆಡಿದ್ದ. ಜ್ಯೂಸ್‌ನ ನಡತೆ ಈ ಊರಿನ ಗಂಡಸರಿಗೆ ಅಪರಿಚಿತವೇನೂ ಆಗಿರಲಿಲ್ಲ.

ಸಂತೆ ನಡುವೆ ಒಬ್ಬ ಹೆಂಡತಿ

ವಿಚ್ಛೇದನ ಪಡೆಯುವ ಹಕ್ಕು ಹೆಂಡತಿಗೆ ಕಾನೂನಿನಲ್ಲಿ ಇತ್ತು. ಗಂಡನಿಗೆ ಅದು ಸುಲಭ. ಹೆಂಡತಿಯನ್ನು ತವರಿಗೆ ಕಳಿಸಿದರೆ ಸಾಕು. ಹೆಂಡತಿಯಾದರೆ ಆರ್ಕನ್ ಎಂಬ ಅಧಿಕಾರಿಯ ಮುಂದೆ ಅರ್ಜಿಯನ್ನು ಸ್ವತಃ ತಂದು ಒಪ್ಪಿಸಬೇಕು. ಆ ಹಕ್ಕಿನ ಬೆಲೆ ಎಷ್ಟೆಂಬುದನ್ನು ತೋರಿಸುವ ಪ್ರಸಂಗವೊಂದನ್ನು ಪ್ಲುಟಾರ್ಕ್ ದಾಖಲಿಸಿದ್ದಾನೆ.

ಹಿಪ್ಪರೆಟೆ ಅಥೆನ್ಸಿನ ಅತ್ಯಂತ ಶ್ರೀಮಂತ ಮನೆತನದ ಹೆಣ್ಣು. ತಂದೆ ಹಿಪ್ಪೊನಿಕಸ್, ಅಣ್ಣ ಕ್ಯಾಲಿಯಸ್. ಅವಳನ್ನು ಮದುವೆಯಾದವನು ಅಲ್ಸಿಬಯಡೀಸ್. ಸಾಕ್ರೆಟಿಸ್‌ನ ಒಡನಾಡಿ, ರೂಪವಂತ, ಮಾತುಗಾರ, ಮುಂದೆ ಸೇನಾನಿಯೂ ಆದವನು. ಅವಳ ವರದಕ್ಷಿಣೆ ಹತ್ತು ಟ್ಯಾಲೆಂಟ್. ಮಗು ಹುಟ್ಟಿದ ಮೇಲೆ ಅಲ್ಸಿಬಯಡೀಸ್ ಮತ್ತೆ ಹತ್ತು ಟ್ಯಾಲೆಂಟ್ ಕೇಳಿ ಪಡೆದನೆಂದು ಹೇಳುತ್ತಾರೆ. ಒಂದು ಟ್ಯಾಲೆಂಟ್ ಎಂದರೆ 6,000 ದ್ರಾಕ್ಮಾ. ಆಗ ನುರಿತ ಕೆಲಸಗಾರನ ದಿನಗೂಲಿ ಒಂದು ದ್ರಾಕ್ಮಾ. ಅಂದರೆ ಮೊದಲು ಕೊಟ್ಟ ಹತ್ತು ಟ್ಯಾಲೆಂಟ್ ಅರವತ್ತು ಸಾವಿರ ದಿನಗಳ ದುಡಿಮೆಯ ಹಣ.

ಹಿಪ್ಪರೆಟೆ ಶಿಸ್ತಿನ, ಗಂಡನನ್ನು ಪ್ರೀತಿಸುವ ಹೆಣ್ಣು ಎಂದೇ ಪ್ಲುಟಾರ್ಕ್ ಹೇಳುತ್ತಾನೆ. ಗಂಡ ಊರಿನ, ಪರ ಊರಿನ ಗಣಿಕೆಯರ ಸಹವಾಸ ಬಿಡಲಿಲ್ಲ. ನೊಂದ ಅವಳು ಅಣ್ಣನ ಮನೆಗೆ ಹೋದಳು. ಗಂಡ ತಲೆ ಕೆಡಿಸಿಕೊಳ್ಳಲಿಲ್ಲ. ಕೊನೆಗೆ ವಿಚ್ಛೇದನದ ಅರ್ಜಿ ಹಿಡಿದು, ಕಾನೂನು ಹೇಳಿದಂತೆ ತಾನೇ ಖುದ್ದಾಗಿ ಆರ್ಕನ್ ಬಳಿಗೆ ಬಂದಳು. ಅಲ್ಸಿಬಯಡೀಸ್ ಅಲ್ಲಿಗೆ ಬಂದು ಅವಳನ್ನು ಹಿಡಿದು, ಎತ್ತಿಕೊಂಡು, ಊರಿನ ಸಂತೆಯ ನಡುವೆಯೇ ಮನೆಗೆ ಹೊತ್ತೊಯ್ದ. ಯಾರೊಬ್ಬರೂ ತಡೆಯಲಿಲ್ಲ, ಅಡ್ಡ ಬರುವ ಧೈರ್ಯ ಮಾಡಲಿಲ್ಲ. ಆಮೇಲೆ ಸಾಯುವವರೆಗೂ ಅವಳು ಅದೇ ಮನೆಯಲ್ಲಿದ್ದಳು. ಅವಳು ಹೆಚ್ಚು ಕಾಲ ಬದುಕಲಿಲ್ಲ.

ಇಲ್ಲಿ ಪ್ಲುಟಾರ್ಕ್ ಸೇರಿಸುವ ಮಾತು ಮತ್ತಷ್ಟು ಯೋಚನೆಗೆ ಹಚ್ಚುತ್ತದೆ. ಈ ಬಲಾತ್ಕಾರವನ್ನು ಯಾರೂ ಕಾನೂನಿಗೆ ವಿರುದ್ಧವೆಂದು ತಿಳಿಯಲಿಲ್ಲ. ಹೆಂಡತಿಯೇ ಖುದ್ದಾಗಿ ಬರಬೇಕೆಂದು ಕಾನೂನು ಹೇಳುವುದೇ ಗಂಡನಿಗೆ ಅವಳನ್ನು ಹಿಡಿದು ತಡೆಯಲು ಅವಕಾಶವಿರಲಿ ಎಂಬ ಕಾರಣಕ್ಕಾಗಿರಬಹುದು ಎನ್ನುತ್ತಾನೆ ಅವನು. ಹಕ್ಕು ಕಾಗದದ ಮೇಲಿತ್ತು. ಆ ಕಾಗದವನ್ನು ಮುಟ್ಟಿಸುವ ದಾರಿಯಲ್ಲಿ ಗಂಡ ನಿಂತಿದ್ದ. ಹಣ, ಮನೆತನ, ಶ್ರೀಮಂತ ಅಣ್ಣ ಯಾವುದೂ ಅವಳ ನೆರವಿಗೆ ಬರಲಿಲ್ಲ. ಇವೆಲ್ಲ ಇದ್ದವಳ ಪಾಡೇ ಇದಾದರೆ, ಏನೂ ಇಲ್ಲದ ಹೆಣ್ಣುಮಕ್ಕಳ ಪಾಡು ಹೇಗಿದ್ದಿರಬೇಕು?

ಹೆಂಗಸರ ಹೇರಾ

ಇಲ್ಲಿಗೇ ಕಥೆ ಮುಗಿಸಿದರೆ ಗ್ರೀಸಿನ ಸ್ತ್ರೀಯರಿಗೆ ನಾವೂ ಅನ್ಯಾಯ ಮಾಡಿದಂತಾಗುತ್ತದೆ. ಗಂಡಸರ ಕಾವ್ಯದಲ್ಲಿ ಹೊಟ್ಟೆಕಿಚ್ಚಿನ ಹೆಂಡತಿಯಾಗಿ ಕಾಣುವ ಹೇರಾ, ಹೆಂಗಸರು ಸೇರುವ ದೇಗುಲಗಳಲ್ಲಿ ಬೇರೆಯದೇ ರೀತಿಯಲ್ಲಿ ಕಾಣಿಸುತ್ತಾಳೆ.

ಒಲಿಂಪಿಯಾದಲ್ಲಿ ಹೇರಾಳ ಕಲ್ಲಿನ ದೇಗುಲ ಎದ್ದದ್ದು ಕ್ರಿ.ಪೂ. 600ರ ಸುಮಾರಿಗೆ. ಜ್ಯೂಸ್‌ನ ಪ್ರಸಿದ್ಧ ದೇಗುಲ ಅಲ್ಲಿ ತಲೆ ಎತ್ತಿದ್ದು ಅದಾದ ಒಂದೂವರೆ ಶತಮಾನಕ್ಕೆ. ಒಲಿಂಪಿಕ್ ಕ್ರೀಡೆಗಳನ್ನು ವಿವಾಹಿತ ಸ್ತ್ರೀಯರು ನೋಡುವುದೂ ನಿಷಿದ್ಧವಾಗಿತ್ತು. ಸಿಕ್ಕಿಬಿದ್ದರೆ ಬೆಟ್ಟದಿಂದ ನೂಕುವ ಶಿಕ್ಷೆ. ಅದೇ ಒಲಿಂಪಿಯಾದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಹೇರಾಳ ಹೆಸರಿನಲ್ಲಿ ಹುಡುಗಿಯರ ಓಟದ ಸ್ಪರ್ಧೆ ನಡೆಯುತ್ತಿತ್ತು. ಪ್ರಾಯಕ್ಕೆ ತಕ್ಕಂತೆ ಮೂರು ಗುಂಪುಗಳು. ಗಂಡಸರ ಓಟದ ಅದೇ ಮೈದಾನ, ದೂರದಲ್ಲಿ ಮಾತ್ರ ಆರನೆಯ ಒಂದು ಭಾಗ ಕಡಿಮೆ. ಕೂದಲು ಇಳಿಬಿಟ್ಟು, ಮೊಣಕಾಲಿನವರೆಗಿನ ಅಂಗಿ ತೊಟ್ಟು ಓಡುತ್ತಿದ್ದರು. ಗೆದ್ದವರಿಗೆ ಆಲಿವ್ ಎಲೆಯ ಕಿರೀಟ.

ಇದನ್ನು ನಡೆಸುತ್ತಿದ್ದವರು ಹದಿನಾರು ಮಂದಿ ಸ್ತ್ರೀಯರ ಒಂದು ಮಂಡಳಿ. ಹೇರಾಳಿಗೆ ಉಡಿಸುವ ವಸ್ತ್ರವನ್ನು ನೇಯುವವರೂ ಅವರೇ. ಈ ಮಂಡಳಿಯ ಹುಟ್ಟಿನ ಬಗ್ಗೆ ಪೌಸೇನಿಯಸ್ ಒಂದು ಸಂಗತಿ ಕೇಳಿ ಬರೆದಿದ್ದಾನೆ. ಪೀಸಾ ಮತ್ತು ಏಲಿಸ್ ಎಂಬ ಎರಡು ನೆರೆಯ ರಾಜ್ಯಗಳ ನಡುವೆ ಹಗೆ ಬೆಳೆದಿತ್ತು. ಸಂಧಾನಕ್ಕಾಗಿ ಏಲಿಸ್ ಸೀಮೆಯ ಹದಿನಾರು ಊರುಗಳಿಂದ ಊರಿಗೊಬ್ಬಳಂತೆ ಹಿರಿಯಳೂ ಗೌರವಾನ್ವಿತಳೂ ಆದ ಸ್ತ್ರೀಯನ್ನು ಆರಿಸಿದರು. ಆ ಹದಿನಾರು ಮಂದಿ ಎರಡೂ ಕಡೆಯವರನ್ನು ರಾಜಿ ಮಾಡಿಸಿದರು.

ಆರ್ಗೋಸಿನಲ್ಲಿ ಕಾಲವನ್ನು ಅಳೆಯುತ್ತಿದ್ದುದೇ ಹೇರಾಳ ಪೂಜಾರಿಣಿಯ ಸೇವಾವಧಿಯಿಂದ. ಇತಿಹಾಸಕಾರ ಥುಸಿಡಿಡೀಸ್ ಕ್ರಿ.ಪೂ. 431ರಲ್ಲಿ ಆರಂಭವಾದ ಅಥೆನ್ಸ್-ಸ್ಪಾರ್ಟಾ ಯುದ್ಧದ ವರ್ಷವನ್ನು ಗುರುತಿಸುವಾಗ, ಆರ್ಗೋಸಿನಲ್ಲಿ ಕ್ರೈಸಿಸ್ ಪೂಜಾರಿಣಿಯಾಗಿ ನಲವತ್ತೆಂಟನೆಯ ವರ್ಷ ಎಂದು ಮೊದಲು ಹೇಳುತ್ತಾನೆ. ಸ್ಪಾರ್ಟಾ ಮತ್ತು ಅಥೆನ್ಸಿನ ಅಧಿಕಾರಿಗಳ ಹೆಸರು ಆಮೇಲೆ ಬರುತ್ತದೆ. ಎಂಟು ವರ್ಷ ಕಳೆದು, ಕ್ರಿ.ಪೂ. 423ರಲ್ಲಿ ವೃದ್ಧೆ ಕ್ರೈಸಿಸ್ ದೀಪವನ್ನು ಹೂಮಾಲೆಗಳ ಬಳಿ ಇಟ್ಟು ನಿದ್ದೆಹೋದಳು. ದೇಗುಲವೇ ಸುಟ್ಟುಹೋಯಿತು. ಹೆದರಿದ ಆಕೆ ಆ ರಾತ್ರಿಯೇ ಊರು ಬಿಟ್ಟು ಓಡಿದಳು. ಆರ್ಗೋಸಿನ ಜನ ಬೇರೊಬ್ಬ ಪೂಜಾರಿಣಿಯನ್ನು ನೇಮಿಸಿದರು. ಆದರೆ ಕ್ರೈಸಿಸ್‌ಳ ಪ್ರತಿಮೆಯನ್ನು ಅವರು ಕೆಡವಲಿಲ್ಲ. ಸುಮಾರು ಆರುನೂರು ವರ್ಷಗಳ ಮೇಲೆ ಪೌಸೇನಿಯಸ್ ಅಲ್ಲಿಗೆ ಹೋದಾಗಲೂ ಸುಟ್ಟ ದೇಗುಲದ ಮುಂದೆ ಅದು ನಿಂತಿತ್ತು.

ಆರ್ಕೇಡಿಯಾ ಸೀಮೆಯ ಸ್ಟಿಂಫಾಲಸ್ ಊರಿನಲ್ಲಿ ಹೇರಾಳಿಗೆ ಮೂರು ಗುಡಿಗಳಿದ್ದವಂತೆ. ಒಂದು ಬಾಲೆ ಹೇರಾಳಿಗೆ, ಒಂದು ಮದುವೆಯಾಗಿ ಪೂರ್ಣಳಾದ ಹೇರಾಳಿಗೆ, ಮತ್ತೊಂದು ವಿಧವೆ ಹೇರಾಳಿಗೆ. ಗಂಡ ಅಮರನಾಗಿರುವಾಗ ವೈಧವ್ಯ ಎಲ್ಲಿಂದ? ಜ್ಯೂಸ್‌ನೊಡನೆ ಜಗಳವಾಡಿ ಬೇರೆಯಾಗಿ ಅವಳು ಈ ಊರಿಗೆ ಬಂದಿದ್ದಳಂತೆ. ಅದಕ್ಕೆ ಆ ಹೆಸರು ಎಂಬುದು ಸ್ಥಳೀಯರ ವಿವರಣೆ. ನಮಗೆ ತೋರುವಂತೆ ಇದರಲ್ಲಿ ದೊಡ್ಡ ಸತ್ಯವೊಂದಿದೆ. ಗಂಡನಿದ್ದೂ ಒಂಟಿಯಾದ ಹೆಂಗಸಿನ ನೋವನ್ನು ಆ ಸಣ್ಣ ಊರು ಗುರುತಿಸಿ ಅದಕ್ಕೊಂದು ಗುಡಿ ಕಟ್ಟಿತ್ತು.

ಗೋಡೆಯ ಮೇಲಿನ ಕಾನೂನು

ಗುಡಿ ಸಮಾಧಾನ ಕೊಡಬಹುದು. ಹಕ್ಕು ಕೊಡಲು ಕಾನೂನೇ ಬೇಕು. ಇದಕ್ಕೂ ಗ್ರೀಕ್ ಜಗತ್ತಿನಲ್ಲೇ ಸಾಕ್ಷಿಯಿದೆ. 1884ರಲ್ಲಿ ಇಟಲಿಯ ವಿದ್ವಾಂಸ ಫೆಡೆರಿಕೊ ಹಾಲ್ಬೆರ್ ಕ್ರೀಟ್ ದ್ವೀಪದ ಗೋರ್ಟಿನ್ ಎಂಬಲ್ಲಿ ಒಂದು ಗೋಡೆಯನ್ನು ಬೆಳಕಿಗೆ ತಂದ. ಅದರ ಮೇಲೆ ಹನ್ನೆರಡು ಕಂಬಸಾಲುಗಳಲ್ಲಿ ಆರುನೂರಕ್ಕೂ ಹೆಚ್ಚು ಸಾಲುಗಳ ಕಾನೂನು ಕೆತ್ತಲಾಗಿತ್ತು. ಕಾಲ ಸುಮಾರು ಕ್ರಿ.ಪೂ. 450, ಅಂದರೆ ಅಥೆನ್ಸಿನ ವೈಭವದ ಕಾಲವೇ.

ಆ ಕಾನೂನು ಏನು ಹೇಳುತ್ತದೆ? ಗಂಡ ಹೆಂಡತಿ ಬೇರೆಯಾದರೆ ಅವಳು ತಂದ ಆಸ್ತಿ ಅವಳದೇ. ಆ ಆಸ್ತಿಯ ಉತ್ಪನ್ನದಲ್ಲಿ ಅರ್ಧ ಅವಳದು. ಮನೆಯಲ್ಲಿ ಅವಳು ನೇಯ್ದದ್ದರಲ್ಲೂ ಅರ್ಧ ಅವಳದು. ಬೇರ್ಪಡಲು ಗಂಡ ಕಾರಣನಾದರೆ ಅವನು ಐದು ಸ್ಟೇಟರ್ ನಾಣ್ಯಗಳನ್ನೂ ಕೊಡಬೇಕು. ತಂದೆಯ ಆಸ್ತಿಯಲ್ಲಿ ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು ಪಾಲು. ಊರೊಳಗಿನ ಮನೆ, ದನಕುರಿಗಳು ಗಂಡು ಮಕ್ಕಳಿಗೆ ಎಂಬ ವಿನಾಯಿತಿಗಳಿದ್ದವು ನಿಜ. ಗುಲಾಮರಿಗೂ ಸ್ವತಂತ್ರರಿಗೂ ಬೇರೆ ಬೇರೆ ನ್ಯಾಯವಿತ್ತು ಎಂಬುದೂ ನಿಜ. ಆದರೂ ಹೆಂಡತಿಯನ್ನು ಸ್ವಂತ ಆಸ್ತಿಯುಳ್ಳ ಒಬ್ಬ ವ್ಯಕ್ತಿಯೆಂದು ಆ ಗೋಡೆ ಒಪ್ಪಿಕೊಂಡಿತ್ತು. ನಾಟಕ, ಶಿಲ್ಪ, ತತ್ವಶಾಸ್ತ್ರಗಳಲ್ಲಿ ಜಗತ್ತಿಗೇ ಗುರುವಾದ ಅಥೆನ್ಸ್ ಈ ವಿಷಯದಲ್ಲಿ ಗೋರ್ಟಿನ್‌ಗಿಂತ ಹಿಂದೆ ಉಳಿಯಿತು.

ಮುಂದೆ ರೋಮನ್ನರು ತಮ್ಮ ದೇವತೆ ಜೂನೋಳಲ್ಲಿ ಹೇರಾಳನ್ನು ಕಂಡರು. ನಾವು ಇಂದಿಗೂ ಬಳಸುವ ಜೂನ್ ತಿಂಗಳ ಹೆಸರು ಅವಳಿಂದ ಬಂದದ್ದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಕ್ರಿ.ಶ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವತೆಗಳ ಪೂಜೆಯನ್ನು ನಿಷೇಧಿಸಿದ. ದೇಗುಲಗಳು ಪಾಳುಬಿದ್ದವು. ಒಲಿಂಪಿಕ್ ಜ್ಯೋತಿಯನ್ನು ಇಂದು ಹೊತ್ತಿಸುವುದು ಒಲಿಂಪಿಯಾದಲ್ಲಿ ಹೇರಾಳ ದೇಗುಲದ ಅವಶೇಷಗಳ ಮುಂದೆಯೇ. ಹೊಸ ಕಾಲದ ಒಲಿಂಪಿಕ್ಸ್ 1896ರಲ್ಲಿ ಅಥೆನ್ಸಿನಲ್ಲಿ ಆರಂಭವಾದಾಗ ಅದರಲ್ಲಿ ಒಬ್ಬ ಸ್ತ್ರೀಗೂ ಅವಕಾಶವಿರಲಿಲ್ಲ ಎಂಬುದನ್ನೂ ಇದರ ಜೊತೆಗೆ ನೆನೆಯಬೇಕು.

ಹೆಣ್ಣನ್ನು ದೇವತೆಯೆಂದು ಕೊಂಡಾಡುವುದು ಯಾವ ಸಮಾಜಕ್ಕೂ ಕಷ್ಟದ ಕೆಲಸವಲ್ಲ. ಚಿನ್ನದ ಮೂರ್ತಿ ಮಾಡಬಹುದು, ನೂರು ಮೀಟರಿನ ದೇಗುಲ ಕಟ್ಟಬಹುದು, ಬಲಿಯಿಂದ ಪಿತ್ತಕೋಶವನ್ನು ತೆಗೆದು ಎಸೆಯಬಹುದು. ಅರ್ಜಿ ಹಿಡಿದು ಸಂತೆಯ ದಾರಿಯಲ್ಲಿ ಒಬ್ಬಳೇ ನಡೆದು ಬರುವ ಹೆಂಡತಿಗೆ ದಾರಿ ಬಿಡುವುದು ಕಷ್ಟ. ಒಂದು ಸಮಾಜ ಮದುವೆಗೆ ಎಷ್ಟು ಬೆಲೆ ಕೊಡುತ್ತದೆಂದು ತಿಳಿಯಲು ಅದರ ಮದುವೆಯ ಮಂಟಪ ನೋಡಿದರೆ ಸಾಲದು. ಮದುವೆ ಮುರಿದ ದಿನ ಹೆಣ್ಣು ಏನನ್ನು ಹಿಡಿದುಕೊಂಡು ಆ ಮನೆಯಿಂದ ಹೊರಬರುತ್ತಾಳೆ ಎಂಬುದನ್ನೂ ನೋಡಬೇಕು. ಸೇಮೋಸ್‌ನ ಭವ್ಯ ದೇಗುಲದಲ್ಲಿ ಇಂದು ಒಂದೇ ಒಂದು ಕಂಬ ಉಳಿದು ನಿಂತಿದೆ. ಗೋರ್ಟಿನ್‌ನ ಗೋಡೆ ಈಗಲೂ ಇದೆ. ನೇಯ್ದವಳಿಗೆ ನೇಯ್ದದ್ದರಲ್ಲಿ ಅರ್ಧ ಪಾಲು ಎಂಬ ಸಾಲನ್ನು ಅದರ ಮೇಲೆ ಇಂದಿಗೂ ಓದಬಹುದು.